ತೊಟ್ಟಿಯ ಪಾಳೇಗಾರನಿಗೆ ಏನು ಮದ್ದು?

ಪ್ರಶ್ನೆ: ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ‘ಮಿಕ್ಸ್ ಆಫ್ರಿಕನ್’ ಅಂತ ಅಂಗಡಿಯಲ್ಲಿ ಕೊಟ್ಟ ಆರು ಸಿಕ್ಲಿಡ್ (ಗಡಿ ಕಟ್ಟಿಕೊಂಡು ಕಾದಾಡುವ ಅಲಂಕಾರಿಕ ಮೀನು) ಮರಿ ಬಿಟ್ಟಿದ್ದೆವು. ಹಳದಿ ಮೈಮೇಲೆ ಕಪ್ಪು ಪಟ್ಟೆ ಇದ್ದ ಒಂದು ಮೀನು ಈಗ ಪೂರ್ತಿ ಕಪ್ಪಾಗಿ ಉಳಿದವನ್ನೆಲ್ಲ ಮೂಲೆಗೆ ಅಟ್ಟುತ್ತಿದೆ. ಎರಡು ಸತ್ತವು. ಮೀನು ಜಾಸ್ತಿಯಾದವೇ?
– ಒಬ್ಬ ಓದುಗರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಜಾಸ್ತಿಯಲ್ಲ, ಕಡಿಮೆಯಾದವು. ನೀವು ಹೇಳುವ ಲಕ್ಷಣ ನೋಡಿದರೆ ಅದು ಆರಾಟಸ್ ಗಂಡು. ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ಸಂದಿಯಲ್ಲಿ ಬದುಕುವ ಎಂಬೂನಾ ಗುಂಪಿನ ಮೀನು. ಮರಿಯಾಗಿದ್ದಾಗ ಗಂಡು ಹೆಣ್ಣು ಎರಡೂ ಹಳದಿ. ಬಲಿತ ಗಂಡು ಕಪ್ಪಾಗುತ್ತದೆ. ನಿಮ್ಮ ಟ್ಯಾಂಕ್ ಹಿಡಿಯುವುದು ಸುಮಾರು 125 ಲೀಟರ್, ಅಷ್ಟೂ ಅವನಿಗೆ ಒಂದೇ ಪಾಳೆಯ. ನಾಲ್ಕಡಿಗಿಂತ ಚಿಕ್ಕ ಟ್ಯಾಂಕಿಗೆ ಆರಾಟಸ್ ಸಲ್ಲದು, ಅಂಗಡಿಗೆ ವಾಪಸ್ ಕೊಟ್ಟುಬಿಡಿ. ಕೆರೆಗೋ ಕಾಲುವೆಗೋ ಮಾತ್ರ ಬಿಡಬೇಡಿ.

ಉಳಿದವು ಮೂರೇ ಆಗಿ ಹಾಗೇ ಬಿಟ್ಟರೆ ಅವುಗಳಲ್ಲೇ ಇನ್ನೊಂದು ದೊಡ್ಡಸ್ತಿಕೆಗೆ ಇಳಿಯುತ್ತದೆ. ಮೂರ್ನಾಲ್ಕು ಮೀನಿದ್ದಲ್ಲಿ ಬಲವಾದದ್ದು ಒಂದನ್ನೇ ಹಿಡಿದು ಕಾಡಿ ಸಾಯಿಸುತ್ತದೆ. ಹತ್ತಾರು ಇದ್ದರೆ ಬೆನ್ನಟ್ಟುವುದು ಎಲ್ಲರಿಗೂ ಹಂಚಿಹೋಗಿ ಯಾವುದಕ್ಕೂ ಜೀವಕ್ಕೆ ಬರುವುದಿಲ್ಲ. ನಿಮ್ಮ ಅಳತೆಗೆ ಯೆಲ್ಲೋ ಲ್ಯಾಬ್‌ನಂಥ ಸೌಮ್ಯ ಜಾತಿಯವು 10ರಿಂದ 12 ಇರಲಿ, ಒಂದು ಗಂಡಿಗೆ ಮೂರ್ನಾಲ್ಕು ಹೆಣ್ಣು. ಮರಿಯಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ, ಹಾಗಾಗಿ ಒಂದೆರಡು ಹೆಚ್ಚಿಗೇ ತಂದು, ಬಲಿತ ಮೇಲೆ ಹೆಚ್ಚಾದ ಗಂಡುಗಳನ್ನು ತೆಗೆಯಿರಿ. ಹೀಗೆ ತುಂಬಿದ ಟ್ಯಾಂಕಿಗೆ ಗಂಟೆಗೆ 800ರಿಂದ 1000 ಲೀಟರ್ ನೀರು ತಿರುಗಿಸುವ ಫಿಲ್ಟರ್ ಬೇಕು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಗಬೇಕು. ಇಲ್ಲದಿದ್ದರೆ ಜಗಳದಿಂದ ಉಳಿದ ಮೀನು ತಮ್ಮದೇ ಕಶ್ಮಲದಿಂದ ಹುಟ್ಟುವ ಅಮೋನಿಯಾ ವಿಷದಿಂದ ಸಾಯುತ್ತದೆ. ಹೊಸ ಮೀನನ್ನೆಲ್ಲ ಒಂದೇ ದಿನ ಸುರಿದರೂ ಇದೇ ಗತಿ. ಅಮೋನಿಯಾ ಅರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಸುಧಾರಿಸಿಕೊಳ್ಳಲು ಎರಡು ವಾರ ಬಿಟ್ಟು ಎರಡು ಕಂತಿನಲ್ಲಿ ಬಿಡಿ.

ಇನ್ನು ಕಲ್ಲು. ಒಂದು ಮೂಲೆಯಲ್ಲಿ ನಾಲ್ಕು ಕಲ್ಲಿಟ್ಟರೆ ಸಾಲದು, ಟ್ಯಾಂಕಿನ ಉದ್ದಕ್ಕೂ ಅರ್ಧ ಎತ್ತರದವರೆಗೆ ಪೇರಿಸಬೇಕು. ಪ್ರತಿ ಗವಿಗೂ ಎರಡು ಬಾಯಿ ಇರಲೇಬೇಕು. ಒಂದೇ ಬಾಯಿದ್ದರೆ ಓಡಿ ಒಳಹೊಕ್ಕ ಮೀನು ಸಿಕ್ಕಿಬಿದ್ದಂತೆಯೇ. ನಮ್ಮ ಕಡೆ ಇದಕ್ಕೆ ಹಣ ಹಾಕಬೇಕಿಲ್ಲ: ಮನೆ ಕಟ್ಟುವಲ್ಲಿ ಉಳಿದ ಶಹಾಬಾದ್ ಕಲ್ಲಿನ ಚೂರು ಸಾಕು. ಅದು ಸುಣ್ಣದಕಲ್ಲು, ನೀರಿನ ಗಡಸುತನವನ್ನೂ ಪಿಎಚ್ (ಕ್ಷಾರದ ಅಳತೆ) ಮಟ್ಟವನ್ನೂ ತುಸು ಏರಿಸುತ್ತದೆ. ಮಲಾವಿ ಮೀನಿಗೆ ಬೇಕಾದ್ದೂ ಅದೇ, ಪಿಎಚ್ 7.8ರಿಂದ 8.6. ಗ್ರಾನೈಟ್ ಆದರೂ ಸರಿ. ಕೆಳಗಿನ ಕಲ್ಲು ಮರಳಿನ ಮೇಲೆ ಕೂರಬಾರದು. ತಳದ ಗಾಜಿಗೆ ತೆಳು ಫೋಮ್ ಹಾಸಿ, ಕಲ್ಲಿಟ್ಟು, ಆಮೇಲೆ ಮರಳು ಹಾಕಿ. ಈ ಮೀನುಗಳು ಮರಳು ತೋಡುತ್ತವೆ. ಬುಡ ಸಡಿಲಾದ ಕಲ್ಲು ವಾಲಿ ಗಾಜು ಒಡೆಯುತ್ತದೆ.

ಹೊಸ ಮೀನು ಬಿಡುವ ದಿನ ಕಲ್ಲುಗಳ ಜಾಗವನ್ನೆಲ್ಲ ಬದಲಿಸಿ, ಹಳೆಯವಕ್ಕೆ ಮೇವು ಹಾಕಿ, ಲೈಟ್ ಆರಿಸಿದ ಮೇಲೆ ಬಿಡಿ. ಗಡಿ ಅಳಿಸಿದ್ದರಿಂದ ಬೆಳಗ್ಗೆ ಎಲ್ಲರೂ ಹೊಸಬರೇ. ರೆಕ್ಕೆ ಹರಿದು ಮೂಲೆಯಲ್ಲಿ ನೀರಿನ ಮೇಲ್ಮೈಗೆ ಅಂಟಿಕೊಂಡಿರುವ ಮೀನನ್ನು ಆ ಹೊತ್ತೇ ಬೇರೆ ತೊಟ್ಟಿಗೆ ಹಾಕಿ, ಲೀಟರಿಗೆ 2 ಗ್ರಾಂ ಕಲ್ಲುಪ್ಪು ಕರಗಿಸಿ, ಏರ್‌ಪಂಪ್ ಬಿಡಿ. ‘ನೋಡೋಣ’ ಎಂದರೆ ಬೆಳಗಾಗುವಷ್ಟರಲ್ಲಿ ಇರುವುದಿಲ್ಲ.

ಪ್ರಶ್ನೆ: ಫ್ಲವರ್‌ಹಾರ್ನ್ ಜೊತೆಗೆ ಪ್ಯಾರಟ್ ಮೀನು ಬಿಡಬಹುದೇ?
– ಗಂಗಾವತಿ

ಉತ್ತರ: ಬೇಡ. ಪ್ಯಾರಟ್ ಮೀನಿನ ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ತಿರುಗಿ ಕಚ್ಚಲೂ ಆಗದು. ಫ್ಲವರ್‌ಹಾರ್ನ್ ಜಗಳಗಂಟ ಸಿಕ್ಲಿಡ್, ಒಂಟಿಯಾಗಿಯೇ ಚೆನ್ನ. ಎರಡೂ ಇರಲೇಬೇಕೆಂದರೆ ನಡುವೆ ತೂತುಗಳಿರುವ ಅಕ್ರಿಲಿಕ್ ಹಲಗೆ ನಿಲ್ಲಿಸಿ, ಅಂಚುಗಳನ್ನು ಬಿಗಿ ಮಾಡಿ, ಮೇಲೆ ಮುಚ್ಚಳ ಹಾಕಿ. ಇಲ್ಲದಿದ್ದರೆ ಮೀನು ಹಾರಿ ಆಚೆ ಬೀಳುತ್ತದೆ.

ಪ್ರಶ್ನೆ: ಏಪ್ರಿಲ್ ಬಂದರೆ ನಮ್ಮ ಸಿಕ್ಲಿಡ್‌ಗಳ ಕಾದಾಟ ವಿಪರೀತ. ಬಿಸಿಲಿಗೂ ಇದಕ್ಕೂ ಸಂಬಂಧ ಇದೆಯೇ?
– ರಾಯಚೂರು

ಉತ್ತರ: ಇದೆ. ನೀರು ಕಾದಷ್ಟೂ ಮೀನಿನ ಚಟುವಟಿಕೆ ಏರುತ್ತದೆ, ನೀರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ. ಇವಕ್ಕೆ 24ರಿಂದ 27 ಡಿಗ್ರಿ ಹಿತ. ರಾಯಚೂರಿನ ಬೇಸಿಗೆಯಲ್ಲಿ ಟ್ಯಾಂಕ್ 32 ದಾಟುವುದು ದೊಡ್ಡ ಮಾತಲ್ಲ. ಮುಚ್ಚಳದ ಬದಲು ಬಲೆ ಹೊದಿಸಿ, ನೀರಿನ ಮೇಲ್ಮೈ ಮೇಲೆ ಓರೆಯಾಗಿ ಗಾಳಿ ಬೀಸುವಂತೆ ಚಿಕ್ಕ ಫ್ಯಾನ್ ಕಟ್ಟಿ. ಒಣ ಹವೆಯ ಊರಾದ್ದರಿಂದ ಎರಡು ಮೂರು ಡಿಗ್ರಿ ಸಲೀಸಾಗಿ ಇಳಿಯುತ್ತದೆ. ಐಸ್ ಗಡ್ಡೆ ಹಾಕುವ ಚಾಳಿ ಬಿಡಿ, ಅದು ತಟ್ಟನೆ ಇಳಿಸಿ ಮತ್ತೆ ಏರಿಸುತ್ತದೆ. ಲೈಟ್ ಆರು ಗಂಟೆ ಸಾಕು, ಮೇವು ಸ್ವಲ್ಪ ಕಡಿಮೆ ಮಾಡಿ. ಫ್ಯಾನ್ ಹಾಕಿದರೆ ನೀರು ಬೇಗ ಆವಿಯಾಗಿ ಆರುತ್ತದೆ. ಆರಿದ್ದನ್ನು ತುಂಬಲು ಬೋರಿನ ನೀರು ಹಾಕಬೇಡಿ, ಲವಣ ಒಳಗೇ ಉಳಿದು ದಿನದಿನಕ್ಕೂ ನೀರು ಗಡಸಾಗುತ್ತದೆ. ಅದಕ್ಕೆ ಆರ್‌ಒ ನೀರು. ವಾರದ ನೀರು ಬದಲಾವಣೆಗೆ ಬೋರಿನದೇ ಸಾಕು, ಆದರೆ ಮೊದಲು ಅದರಲ್ಲಿ ಮೀನಿಗೆ ಕೆಡುಕಾದ ನೈಟ್ರೇಟ್ ಎಷ್ಟಿದೆ ಎಂದು ನೀರು ಪರೀಕ್ಷೆಯ ಕಿಟ್‌ನಲ್ಲಿ ನೋಡಿಕೊಳ್ಳಿ.