ಗರ್ಭ ತಡೆಯೋ ಗುಳಿಗೆ ತಗೊಂಡ್ರೂ ಗರ್ಭ ನಿಲ್ಲುತ್ತಾ? ಯಾವುದನ್ನು ನಂಬಬಹುದು?

ನಿಲ್ಲಬಹುದು. ಒಂದು ದಿನವೂ ತಪ್ಪಿಸದೆ ನುಂಗಿದರೆ ವರ್ಷಕ್ಕೆ 100 ಹೆಂಗಸರಲ್ಲಿ ಒಬ್ಬರಿಗೂ ನಿಲ್ಲುವುದಿಲ್ಲ. ದಿನನಿತ್ಯದ ಬಳಕೆಯಲ್ಲಿ ಮಾತ್ರ ಸುಮಾರು 7 ಜನರಿಗೆ ನಿಲ್ಲುತ್ತದೆ. ಸಿಂಧನೂರಿನ ನಮ್ಮಕ್ಕ ಭತ್ತದ ನಾಟಿ ಶುರುವಾದರೆ ನಸುಕಿಗೇ ಗದ್ದೆಗೆ ಹೋಗುತ್ತಿದ್ದಳು. ಮಾಲಾ-ಎನ್ ಅನ್ನೋ ಈ ಗುಳಿಗೆಯ ಪಟ್ಟಿ ಗೋಡೆಯ ಗೂಡಿನಲ್ಲೇ ಇರುತ್ತಿತ್ತು, ಮೂರು ಗುಳಿಗೆ ಹಾಗೇ ಉಳಿದಿದ್ದವು. ಅವಳನ್ನು ಬೈದು ಏನು ಬಂತು? ದಿನಾ ನೆನಪಿಡೋದೇ ಕಷ್ಟ ಅಲ್ವಾ.

ಕಾಂಡೋಮ್‌ನಲ್ಲಿ ಈ ಲೆಕ್ಕ ಸುಮಾರು 13. ಆದರೆ ಲೈಂಗಿಕ ರೋಗ ತಡೆಯೋದು ಅದೊಂದೇ. ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಇಂಜೆಕ್ಷನ್‌ನಲ್ಲಿ 4.

ನನ್ನ ಕೇಳಿದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ. 100ಕ್ಕೆ ಒಂದಕ್ಕಿಂತ ಕಮ್ಮಿ, ನೆನಪಿಡೋ ಗೋಜಿಲ್ಲ. ಅದರಲ್ಲಿ 380ಎ ಅನ್ನೋ ಬಗೆ ಹಾಕಿಸಿದರೆ 10 ವರ್ಷ ಬರುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಮಗು ಬೇಕೆನಿಸಿದಾಗ ತೆಗೆಸಬಹುದು. ಮೊದಲು ಆಶಾ ಅಕ್ಕನ ಹತ್ತಿರ ಮಾತಾಡಿ.