ಅಂಪೈರ್ ತೀರ್ಪನ್ನು ಒಪ್ಪದೆ ಆಟಗಾರರು ಮೈಮೇಲೆ ಬಂದರೆ ಏನು ಮಾಡಬೇಕು?

ಪಾಂಡವಪುರದ ಕಡೆಯ ಟೆನಿಸ್ ಬಾಲ್ ಟೂರ್ನಿಯೊಂದರಲ್ಲಿ ನೀವು ರನೌಟ್ ಕೊಟ್ಟಿರಿ, ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಕದಲಲಿಲ್ಲ, ಅವನ ತಂಡದವರು ಸುಣ್ಣದ ಗೆರೆ ದಾಟಿ ಒಳಗೆ ನುಗ್ಗಿದರು, ಪ್ರೇಕ್ಷಕರೊಬ್ಬರು ಮೊಬೈಲ್ ತಂದು ವಿಡಿಯೊ ನೋಡಿ ಎಂದು ಮುಖಕ್ಕೆ ಹಿಡಿದರು. ಇಂಥ ಹೊತ್ತಿನಲ್ಲಿ ತೀರ್ಪು ಬದಲಿಸಬಹುದೇ, ಮುಂದಿನ ವಾರ ಅದೇ ಊರಿಗೆ ಮತ್ತೆ ಅಂಪೈರ್ ಆಗಿ ಹೋಗಬೇಕೇ ಎಂದು ಕೇಳಿದ್ದೀರಿ. ಮಂಡ್ಯ ಸೀಮೆಯ ಹಳ್ಳಿ ಟೂರ್ನಿಗಳಲ್ಲಿಯೂ ಮೈಸೂರಿನ ಮೈದಾನಗಳಲ್ಲಿ ನಡೆಯುವ ಲೆದರ್ ಬಾಲ್ ಪಂದ್ಯಗಳಲ್ಲಿಯೂ ಹಲವು ವರ್ಷಗಳಿಂದ ನಿಂತವನಾದ್ದರಿಂದ, ನನಗೆ ತಿಳಿದಷ್ಟನ್ನು ವಿವರವಾಗಿ ಬರೆಯುತ್ತೇನೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಮೈದಾನದಲ್ಲಿ ಏಳುವ ತಕರಾರುಗಳಲ್ಲಿ ಎರಡು ಬಗೆ. ಒಂದು, ಅಂಪೈರ್ ಕಣ್ಣಾರೆ ಕಂಡದ್ದರ ಬಗ್ಗೆ: ಬ್ಯಾಟು ಗೆರೆಯ ಒಳಗಿತ್ತೋ ಹೊರಗಿತ್ತೋ, ಚೆಂಡು ಬ್ಯಾಟಿಗೆ ತಾಗಿತೋ ಇಲ್ಲವೋ, ಕ್ಯಾಚ್ ನೆಲ ಮುಟ್ಟಿತೋ ಇಲ್ಲವೋ. ಇನ್ನೊಂದು, ಕಂಡದ್ದಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದರ ಬಗ್ಗೆ. ಮೊದಲನೆಯದರಲ್ಲಿ ಚರ್ಚೆಗೆ ಎಡೆಯೇ ಇಲ್ಲ, ಎಷ್ಟು ಹೊತ್ತು ಮಾತಾಡಿದರೂ ನೀವು ಕಂಡದ್ದು ಬದಲಾಗುವುದಿಲ್ಲ. ಎರಡನೆಯದರಲ್ಲಿ ಮಾತ್ರ ನಾಯಕ ಕೇಳಿದರೆ ನಿಂತು ಉತ್ತರ ಹೇಳಲೇಬೇಕು, ಏಕೆಂದರೆ ನಿಯಮ ಎಲ್ಲರದ್ದು. ಹೊಸದಾಗಿ ಅಂಪೈರಿಂಗ್ ಶುರು ಮಾಡಿದವರು ಇವೆರಡನ್ನೂ ಕಲಸಿಬಿಡುತ್ತಾರೆ. ರನೌಟಿನ ಬಗ್ಗೆ ಹತ್ತು ಜನರ ಜೊತೆ ವಾದಕ್ಕೆ ನಿಲ್ಲುತ್ತಾರೆ, ಆದರೆ ನಿಯಮದ ಬಗ್ಗೆ ನಾಯಕ ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ "ನಾನ್ ಹೇಳಿದ್ಮೇಲೆ ಮುಗೀತು" ಎಂದು ಮುಖ ತಿರುಗಿಸುತ್ತಾರೆ. ಜಗಳ ಹತ್ತಿಕೊಳ್ಳುವುದು ಬಹಳ ಸಲ ಈ ಅದಲುಬದಲಿನಿಂದಲೇ.

ನಮ್ಮ ಕಡೆ ಪದೇ ಪದೇ ಬರುವ ಒಂದು ನಿಯಮದ ತಕರಾರನ್ನು ಹೇಳುತ್ತೇನೆ. ಬ್ಯಾಟ್ಸ್‌ಮನ್ ಕ್ರೀಸಿನಿಂದ ಎರಡು ಹೆಜ್ಜೆ ಮುಂದೆ ಬಂದಿರುತ್ತಾನೆ, ಚೆಂಡು ಪುಟಿಯದೆ ನೇರವಾಗಿ ಅವನ ಸೊಂಟದ ಮೇಲೆ ಬರುತ್ತದೆ, ಬ್ಯಾಟಿಂಗ್ ತಂಡದ ಪೆಂಡಾಲಿನಿಂದ ನೋಬಾಲ್ ಎಂಬ ಕೂಗು ಏಳುತ್ತದೆ. ಆದರೆ ನಿಯಮದ ಪ್ರಕಾರ ಎತ್ತರವನ್ನು ಅಳೆಯಬೇಕಾದದ್ದು ಬ್ಯಾಟ್ಸ್‌ಮನ್ ಪಾಪಿಂಗ್ ಕ್ರೀಸಿನಲ್ಲಿ (ಸ್ಟಂಪಿನ ಮುಂದೆ ಎಳೆದ ಗೆರೆ) ನೆಟ್ಟಗೆ ನಿಂತಿದ್ದರೆ ಸೊಂಟ ಎಲ್ಲಿರುತ್ತಿತ್ತೋ ಅಲ್ಲಿಗೆ. ಮುಂದೆ ಬಂದವನಿಗೆ ಸೊಂಟದ ಮೇಲಿದ್ದ ಚೆಂಡು ಕ್ರೀಸ್ ತಲುಪುವ ಹೊತ್ತಿಗೆ ಸೊಂಟದ ಕೆಳಗೆ ಇಳಿದಿರಬಹುದು. ಹಾಗೆಯೇ ಬಗ್ಗಿ ಆಡಿದವನ ಎದೆಗೆ ಬಂದ ಚೆಂಡು ಅವನು ನೆಟ್ಟಗೆ ನಿಂತಿದ್ದರೆ ಸೊಂಟದಷ್ಟಕ್ಕೂ ಬರದೇ ಇರಬಹುದು. ಇದನ್ನು ಎರಡು ವಾಕ್ಯದಲ್ಲಿ ನಾಯಕನಿಗೆ ಹೇಳಿದರೆ ಸಾಕು, ಬಹುಪಾಲು ಜನ ಒಪ್ಪಿಕೊಂಡು ಹೋಗುತ್ತಾರೆ. ಹೇಳದೆ ಕೈಕಟ್ಟಿ ನಿಂತರೆ, ಅಂಪೈರ್‌ಗೆ ನಿಯಮ ಗೊತ್ತಿಲ್ಲ ಎಂಬ ಗುಮಾನಿ ಬಂದು, ಮುಂದಿನ ಪ್ರತಿ ತೀರ್ಪಿಗೂ ಗೊಣಗಾಟ ತಪ್ಪುವುದಿಲ್ಲ.

ನಿಮ್ಮ ರನೌಟಿಗೆ ಬರುತ್ತೇನೆ. ರನೌಟಿನ ಜಗಳ ಗೆಲ್ಲುವುದೂ ಸೋಲುವುದೂ ನಿಮ್ಮ ಕಾಲಿನಿಂದ, ಬಾಯಿಂದಲ್ಲ. ಬೌಲರ್ ತುದಿಯಲ್ಲಿ ನಿಂತ ಅಂಪೈರ್, ಬ್ಯಾಟ್ಸ್‌ಮನ್ ಚೆಂಡು ಹೊಡೆದು ಓಟಕ್ಕೆ ಹೊರಟ ಕೂಡಲೇ ಸ್ಟಂಪಿನ ಹಿಂದಿನಿಂದ ಬದಿಗೆ ಓಡಿ, ಸಾಮಾನ್ಯವಾಗಿ ಚೆಂಡು ಹೋದ ಕಡೆಗೇ ಸರಿದು, ಕ್ರೀಸಿನ ಗೆರೆಗೆ ನೇರವಾಗಿ ನಿಲ್ಲಬೇಕು. ಸ್ಟಂಪಿನ ಹಿಂದೆಯೇ ನಿಂತು ಕೊಟ್ಟ ರನೌಟು ಸರಿಯೇ ಇದ್ದರೂ ಯಾರೂ ನಂಬುವುದಿಲ್ಲ, ಗೆರೆಗೆ ನೇರವಾಗಿ ನಿಂತು ಬಗ್ಗಿ ನೋಡಿ ಕೊಟ್ಟ ತೀರ್ಪಿಗೆ ಎದುರು ಮಾತಾಡಲು ಒರಟರೂ ಒಂದು ಕ್ಷಣ ಹಿಂಜರಿಯುತ್ತಾರೆ. ಇನ್ನು ಗೆರೆಯ ವಿಷಯ: ಪಾಪಿಂಗ್ ಕ್ರೀಸ್ ಎಂದರೆ ಬಳಿದ ಸುಣ್ಣದ ಪಟ್ಟಿ ಪೂರ್ತಿ ಅಲ್ಲ, ಅದರ ಸ್ಟಂಪಿನ ಕಡೆಯ ಅಂಚು. ಬ್ಯಾಟಾಗಲಿ ಕಾಲಾಗಲಿ ಆ ಅಂಚಿನ ಒಳಗೆ ನೆಲ ಮುಟ್ಟಿರಬೇಕು, ಗೆರೆಯ ಮೇಲಷ್ಟೇ ಇದ್ದರೆ ಔಟು. ಹಳ್ಳಿ ಮೈದಾನದಲ್ಲಿ ಮಧ್ಯಾಹ್ನದ ಹೊತ್ತಿಗೆ ಸುಣ್ಣ ತುಳಿದು ಕೈಯಗಲ ಹರಡಿಕೊಂಡಿರುತ್ತದೆ, ಅಂಚು ಎಲ್ಲಿದೆಯೆಂದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಪ್ರತಿ ಇನಿಂಗ್ಸಿನ ಮಧ್ಯೆ ಗೆರೆಯನ್ನು ಹೊಸದಾಗಿ ಎಳೆಸಿ. ನಾನು ಸ್ಟಂಪಿನ ಸಾಲಿನಿಂದ ನಾಲ್ಕು ಅಡಿ ಅಳೆದು, ಅಂಚಿನ ಎರಡೂ ತುದಿಗೆ ಒಂದೊಂದು ಮೊಳೆ ಹೊಡೆಸಿ ನೆಲಮಟ್ಟಕ್ಕೆ ಇಳಿಸಿಬಿಡುತ್ತೇನೆ. ಸುಣ್ಣ ಅಳಿಸಿದರೂ ಅಂಚು ತಿಳಿಯುತ್ತದೆ.

ಬೇಲ್ಸ್, ಅಂದರೆ ಸ್ಟಂಪಿನ ಮೇಲಿಡುವ ಪುಟ್ಟ ತುಂಡುಗಳು, ಇಲ್ಲದ ಪಂದ್ಯಗಳಲ್ಲಿ ಮತ್ತೊಂದು ತೊಡಕಿದೆ. ಬೇಲ್ಸ್ ಇದ್ದರೆ ರನೌಟಿಗೆ ಅದು ಸ್ಟಂಪಿನ ಮೇಲಿಂದ ಪೂರ್ತಿ ಬೇರೆಯಾಗಬೇಕು. ಅಂಪೈರ್‌ಗಳು ಬೇಲ್ಸ್ ಬೇಡವೆಂದು ತೀರ್ಮಾನಿಸಿದ್ದರೆ, ಚೆಂಡಾಗಲಿ ಚೆಂಡು ಹಿಡಿದ ಕೈಯಾಗಲಿ ಸ್ಟಂಪಿಗೆ ತಾಗಿತೆಂದು ಅಂಪೈರ್‌ಗೆ ಮನವರಿಕೆಯಾದರೆ ಸಾಕು. ಸ್ಟಂಪು ಅಲ್ಲಾಡಲಿಲ್ಲ ಎಂಬ ವಾದಕ್ಕೆ ಬೆಲೆಯಿಲ್ಲ. ಆದರೆ ಇದನ್ನು ರನೌಟ್ ಆದ ಮೇಲೆ ಹೇಳಿದರೆ ನಿಮ್ಮ ಅನುಕೂಲಕ್ಕೆ ಹೇಳಿದಂತೆ ಕೇಳಿಸುತ್ತದೆ, ಟಾಸಿನ ಹೊತ್ತಿಗೆ ಹೇಳಿದರೆ ನಿಯಮವಾಗಿ ಕೇಳಿಸುತ್ತದೆ.

ಟಾಸಿನ ಹೊತ್ತನ್ನು ಹಗುರವಾಗಿ ಕಾಣಬೇಡಿ. ಇಬ್ಬರು ನಾಯಕರನ್ನೂ ಟೂರ್ನಿ ಕಮಿಟಿಯ ಒಬ್ಬರನ್ನೂ ಪಿಚ್ಚಿನ ಪಕ್ಕ ನಿಲ್ಲಿಸಿಕೊಂಡು, ಸ್ಥಳೀಯ ನಿಯಮಗಳನ್ನೆಲ್ಲ ಬಾಯಿಬಿಟ್ಟು ಹೇಳಿ: ಎಲ್‌ಬಿಡಬ್ಲ್ಯು ಇದೆಯೋ ಇಲ್ಲವೋ, ವೈಡ್ ಗೆರೆ ಎಲ್ಲಿದೆ, ಕರೆಂಟ್ ತಂತಿಗೆ ತಾಗಿದ ಚೆಂಡು ಏನು, ಕಬ್ಬಿನ ಗದ್ದೆಗೆ ನೇರವಾಗಿ ಬಿದ್ದರೆ ಎಷ್ಟು, ಉರುಳಿಕೊಂಡು ಹೋದರೆ ಎಷ್ಟು. ಕೊನೆಗೆ ಒಂದು ಮಾತು ಸೇರಿಸಿ: ನನ್ನ ಹತ್ತಿರ ಮಾತಾಡುವುದಿದ್ದರೆ ನಾಯಕರು ಮಾತ್ರ, ಅದೂ ಎರಡು ಓವರುಗಳ ನಡುವಿನ ಬಿಡುವಿನಲ್ಲಿ. ತಂಡದ ನಡತೆಗೆ ನಾಯಕನೇ ಹೊಣೆ ಎಂಬುದು ಕ್ರಿಕೆಟ್ ನಿಯಮದಲ್ಲಿಯೇ ಇದೆ, ನೀವು ಹೊಸದಾಗಿ ಹುಟ್ಟಿಸಿದ ಮಾತಲ್ಲ.

ತೀರ್ಪು ಕೊಡುವಾಗ ಅವಸರ ಬೇಡ. ಜಮೈಕಾದ ಸ್ಟೀವ್ ಬಕ್ನರ್ 1992ರಿಂದ 2007ರವರೆಗೆ ಸತತ ಐದು ವಿಶ್ವಕಪ್ ಫೈನಲ್‌ಗಳಲ್ಲಿ ಅಂಪೈರ್ ಆಗಿದ್ದರು. ಕೂಗು ಎದ್ದ ಮೇಲೆ ಅವರು ಬೆರಳೆತ್ತಲು ತೆಗೆದುಕೊಳ್ಳುತ್ತಿದ್ದ ಆ ನಿಧಾನ ಟಿವಿಯಲ್ಲಿ ನೋಡಿದವರಿಗೆಲ್ಲ ನೆನಪಿರುತ್ತದೆ. ಅಷ್ಟು ನಿಧಾನ ನಮಗೆ ಬೇಕಿಲ್ಲ, ಆದರೆ ನಡೆದದ್ದನ್ನು ಮನಸ್ಸಿನಲ್ಲಿ ಒಂದು ಸಲ ತಿರುಗಿಸಿ ನೋಡುವಷ್ಟು ಹೊತ್ತು ತೆಗೆದುಕೊಳ್ಳಿ. ಅಪೀಲು ಮುಗಿಯುವ ಮೊದಲೇ ಎದ್ದ ಬೆರಳನ್ನು ಕಂಡರೆ ಇವರು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದರು ಎಂದು ಬ್ಯಾಟಿಂಗ್ ಕಡೆಯವರಿಗೆ ಅನ್ನಿಸುತ್ತದೆ, ತಡವರಿಸುತ್ತ ಅರ್ಧಕ್ಕೆ ಎದ್ದ ಬೆರಳನ್ನು ಕಂಡರೆ ಬಗ್ಗಿಸಬಹುದು ಎಂದು ಎಲ್ಲರಿಗೂ ಅನ್ನಿಸುತ್ತದೆ.

ಇಷ್ಟಾದರೂ ಜಗಳ ಬರುತ್ತದೆ, ಏಕೆಂದರೆ ನಗದು ಬಹುಮಾನವಿದೆ, ಊರೂರಿನ ಹಳೆಯ ಜಿದ್ದಿದೆ, ಗೆರೆಯಾಚೆ ಬಾಜಿ ಕಟ್ಟಿದವರೂ ಇರುತ್ತಾರೆ. ಬ್ಯಾಟ್ಸ್‌ಮನ್ "ಏನ್ ಸಾ, ಕಣ್ ಕಾಣಕಿಲ್ವಾ ನಿಮ್ಗೆ?" ಎಂದು ಬ್ಯಾಟು ಎತ್ತಿಕೊಂಡು ಬಂದಾಗ ನೀವು ಮುಂದಕ್ಕೂ ಹೋಗಬೇಡಿ, ಹಿಂದಕ್ಕೂ ಸರಿಯಬೇಡಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ಬೆರಳು ತೋರಿಸಿ ಮಾತಾಡುವುದು, ಎದೆಗೆ ಕೈ ಅಡ್ಡ ಹಿಡಿಯುವುದು, ಭುಜ ಮುಟ್ಟಿ ಸಮಾಧಾನ ಮಾಡಲು ಹೋಗುವುದು, ಇವು ಮೂರೂ ಬೆಂಕಿಗೆ ತುಪ್ಪ. ಅವನ ದನಿ ಏರಿದಷ್ಟೂ ನಿಮ್ಮದು ಇಳಿಯಲಿ. ನಾನು ಹೇಳುವುದು ಹೆಚ್ಚೂಕಡಿಮೆ ಪ್ರತಿ ಸಲವೂ ಒಂದೇ ಮಾತು: "ನಾನ್ ನೋಡಿದ್ದು ಔಟು ಕಣಪ್ಪ. ನಿನ್ ಕ್ಯಾಪ್ಟನ್ ಬರ್ಲಿ, ಅವನ ಹತ್ರ ಮಾತಾಡ್ತೀನಿ." ಅದನ್ನು ಒಮ್ಮೆ ಹೇಳಿ, ಬೇಕಾದರೆ ಇನ್ನೊಮ್ಮೆ ಹೇಳಿ, ಆಮೇಲೆ ಸುಮ್ಮನಿರಿ. ಹೇಗೆ ಔಟು, ಎಷ್ಟು ಅಂತರದಿಂದ ಔಟು ಎಂದು ವಿವರಿಸಲು ಹೊರಟರೆ ಪ್ರತಿ ವಿವರಕ್ಕೂ ಒಂದು ಎದುರುತ್ತರ ಬರುತ್ತದೆ. ಅದೇ ಹೊತ್ತಿನಲ್ಲಿ ಇನ್ನೊಂದು ತುದಿಯಲ್ಲಿ ಬದಿಗೆ ನಿಂತಿರುವ ಸ್ಕ್ವೇರ್ ಲೆಗ್ ಅಂಪೈರ್ ನಿಮ್ಮ ಪಕ್ಕಕ್ಕೆ ಬಂದು ನಿಲ್ಲಬೇಕು. ಮಾತಾಡಲು ಅಲ್ಲ, ನೀವು ಒಂಟಿಯಲ್ಲ ಎಂದು ಕಾಣಲು, ಮತ್ತು ಯಾರು ಏನು ಅಂದರು ಎಂಬುದಕ್ಕೆ ಸಾಕ್ಷಿಯಾಗಲು. ಪಂದ್ಯಕ್ಕೆ ಮೊದಲೇ ಅವರ ಹತ್ತಿರ ಇದನ್ನು ಮಾತಾಡಿಕೊಂಡಿರಿ.

ಮೊಬೈಲ್ ವಿಡಿಯೊ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ನೋಡಲೇಬೇಡಿ. ಬೌಂಡರಿಯಾಚೆ ಓರೆಯಲ್ಲಿ ನಿಂತವನು ತೆಗೆದ ವಿಡಿಯೊದಲ್ಲಿ ಗೆರೆಗೂ ಬ್ಯಾಟಿಗೂ ಇರುವ ಅಂತರ ಇದ್ದ ಹಾಗೆ ಕಾಣುವುದಿಲ್ಲ. ಟಿವಿ ಪಂದ್ಯಗಳಲ್ಲಿ ರನೌಟ್ ನೋಡಲು ಕ್ರೀಸಿಗೆ ನೇರವಾಗಿಯೇ ಕ್ಯಾಮೆರಾ ಇಡುವುದು ಈ ಕಾರಣಕ್ಕೆ. ಅದಕ್ಕಿಂತ ದೊಡ್ಡ ಕಾರಣ ನ್ಯಾಯದ್ದು. ಒಂದು ತಂಡದ ಬೆಂಬಲಿಗ ತನಗೆ ಬೇಕಾದ ತೀರ್ಪಿನ ವಿಡಿಯೊ ಮಾತ್ರ ತರುತ್ತಾನೆ, ಬೇಡದ್ದನ್ನು ತರುವುದಿಲ್ಲ. ಒಂದನ್ನು ನೋಡಿ ಬದಲಿಸಿದಿರೋ, ಎದುರು ತಂಡ ತನಗೆ ಆದ ಅನ್ಯಾಯದ ವಿಡಿಯೊ ಹುಡುಕಿಕೊಂಡು ಬರುವುದು ಖಂಡಿತ, ಆಗ ಅದನ್ನು ನೋಡುವುದಿಲ್ಲ ಎನ್ನಲು ನಿಮಗೆ ಬಾಯಿ ಇರುವುದಿಲ್ಲ. "ವಿಡಿಯೊ ಪಂದ್ಯದ ಭಾಗ ಅಲ್ಲ ಸ್ವಾಮಿ, ಕಮಿಟಿಯವರಿಗೆ ತೋರಿಸಿ" ಎಂದು ಹೇಳಿ ಮುಂದೆ ನಡೆಯಿರಿ.

ಹಾಗಾದರೆ ತೀರ್ಪು ಬದಲಿಸಲೇಬಾರದೇ? ಬದಲಿಸಬಹುದು, ಅದಕ್ಕೆ ದಾರಿಗಳಿವೆ. ಕೂಡಲೇ ಬದಲಿಸುವುದಾದರೆ ಅಂಪೈರ್ ತನ್ನ ತೀರ್ಪನ್ನು ತಾನೇ ಬದಲಿಸಬಹುದು ಎಂದು ಕ್ರಿಕೆಟ್ ನಿಯಮಾವಳಿಯ ಎರಡನೆಯ ನಿಯಮ ಹೇಳುತ್ತದೆ, ಆ ಹೊತ್ತು ದಾಟಿದರೆ ಕೊಟ್ಟದ್ದೇ ಅಂತಿಮ. ಇನ್ನೊಬ್ಬ ಅಂಪೈರ್‌ಗೆ ಚೆನ್ನಾಗಿ ಕಂಡಿರಬಹುದಾದ ಸಂಗತಿಯ ಬಗ್ಗೆ ನಿಮಗೆ ಸಂದೇಹವಿದ್ದರೆ ತೀರ್ಪು ಕೊಡುವ ಮೊದಲೇ ಅವರನ್ನು ಕೇಳಬೇಕು, ಕೇಳಿದ ಮೇಲೂ ಸಂದೇಹ ಉಳಿದರೆ ನಾಟೌಟ್. ಫೀಲ್ಡಿಂಗ್ ತಂಡದ ನಾಯಕ ನಿಮ್ಮ ಒಪ್ಪಿಗೆ ಪಡೆದು ಅಪೀಲನ್ನು ಹಿಂದಕ್ಕೆ ತೆಗೆದುಕೊಂಡರೆ ಬ್ಯಾಟ್ಸ್‌ಮನ್‌ನನ್ನು ಮರಳಿ ಕರೆಯಬಹುದು. ಇವುಗಳಲ್ಲಿ ಯಾವುದೂ ಗುಂಪು ಒಳಗೆ ಬಂದು ಕೂಗಾಡಿತು ಎಂಬ ಕಾರಣಕ್ಕೆ ತೆರೆಯುವ ದಾರಿಯಲ್ಲ. ಜನ ಮೈಮೇಲೆ ಬಂದ ಮೇಲೆ ಬದಲಾದ ತೀರ್ಪು ಅಕಸ್ಮಾತ್ ಸರಿಯೇ ಆಗಿದ್ದರೂ, ಎದುರಿನ ತಂಡಕ್ಕೆ ನೀವು ಅನ್ಯಾಯ ಮಾಡಿದ ಹಾಗೆಯೇ, ಏಕೆಂದರೆ ಅವರು ಮರ್ಯಾದೆಯಿಂದ ತಮ್ಮ ಜಾಗದಲ್ಲಿ ನಿಂತಿದ್ದರು.

ಮಾತು ಮೀರಿದರೆ ನಿಮ್ಮ ಕೈಯಲ್ಲಿ ಅಧಿಕಾರವೂ ಇದೆ. 2017ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಕ್ರಿಕೆಟ್ ನಿಯಮಾವಳಿಯಲ್ಲಿ ಆಟಗಾರರ ನಡತೆಗೆಂದೇ 42ನೆಯ ನಿಯಮವಿದೆ, ಅದರಲ್ಲಿ ತಪ್ಪುಗಳಿಗೆ ನಾಲ್ಕು ಹಂತ. ತೀರ್ಪಿಗೆ ಅಸಮಾಧಾನ ತೋರಿಸುವುದು ಮೊದಲ ಹಂತ: ಮೊದಲ ಸಲ ಇಡೀ ತಂಡಕ್ಕೆ ಎಚ್ಚರಿಕೆ, ಮತ್ತೆ ಆದರೆ ಎದುರು ತಂಡಕ್ಕೆ 5 ರನ್. ಅಸಮಾಧಾನ ತೀವ್ರವಾಗಿದ್ದರೆ ಎರಡನೆಯ ಹಂತ, ಆಗ ಎಚ್ಚರಿಕೆಯಿಲ್ಲದೆ 5 ರನ್. ಮಾತಿನಿಂದಲೋ ಸನ್ನೆಯಿಂದಲೋ ಅಂಪೈರ್‌ನನ್ನು ಬೆದರಿಸಿದರೆ ಮೂರನೆಯದು: 5 ರನ್ ಜೊತೆಗೆ, ಓವರ್ ಮಿತಿಯ ಪಂದ್ಯದಲ್ಲಿ ಆ ಇನಿಂಗ್ಸಿನ ಐದನೇ ಒಂದು ಭಾಗದಷ್ಟು ಓವರ್ ಅವನು ಹೊರಗೆ. ಹೊಡೆಯುತ್ತೇನೆ ಎಂದು ಅಂಪೈರ್‌ಗೆ ಬೆದರಿಕೆ ಹಾಕಿದರೆ ಅಥವಾ ಬೇಕೆಂದೇ ಮೈಮುಟ್ಟಿದರೆ ನಾಲ್ಕನೆಯದು, ಪಂದ್ಯ ಮುಗಿಯುವವರೆಗೂ ಅವನು ಹೊರಗೇ. ನಮ್ಮ ಊರ ಟೂರ್ನಿಗಳಲ್ಲಿ ಇದು ತಾನಾಗಿ ನಡೆಯುವುದಿಲ್ಲ. ಅಂತರರಾಷ್ಟ್ರೀಯ ಪಂದ್ಯದಲ್ಲಾದರೆ ಅಂಪೈರ್ ವರದಿ ಕೊಟ್ಟ ಮೇಲೆ ಶಿಸ್ತಿನ ವಿಚಾರಣೆಗೆ ಮ್ಯಾಚ್ ರೆಫರಿ ಇರುತ್ತಾರೆ, ನಮ್ಮ ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್ 2006ರಿಂದ ಆ ಕೆಲಸ ಮಾಡಿಕೊಂಡು ಬಂದಿದ್ದಾರೆ. ಹಳ್ಳಿ ಟೂರ್ನಿಯಲ್ಲಿ ಆ ಸ್ಥಾನದಲ್ಲಿ ಇರುವುದು ಕಮಿಟಿ ಒಂದೇ. ಆದ್ದರಿಂದ ಟೂರ್ನಿ ಶುರುವಾಗುವ ಮೊದಲೇ 42ನೆಯ ನಿಯಮ ಜಾರಿಯಲ್ಲಿರುತ್ತದೆ ಎಂದು ಕಮಿಟಿಯವರಿಂದ ಒಪ್ಪಿಗೆ ಪಡೆದು, ತಂಡಗಳಿಗೆ ಕೊಡುವ ನಿಯಮದ ಹಾಳೆಯಲ್ಲಿಯೇ ಬರೆಸಿ. ಹೊರಗಿನವರು ಗೆರೆ ದಾಟಿ ಒಳಗೆ ಬಂದರೆ ಅವರ ಹತ್ತಿರ ವಾದಿಸುವುದು ನಿಮ್ಮ ಕೆಲಸವಲ್ಲ. ಆಟ ನಿಲ್ಲಿಸಿ, ಇಬ್ಬರು ಅಂಪೈರ್‌ಗಳೂ ಸ್ಕೋರರ್ ಮೇಜಿನ ಹತ್ತಿರ ಬಂದು ನಿಂತು, ಮೈದಾನ ಖಾಲಿಯಾದ ಮೇಲಷ್ಟೇ ಆಟ ಎಂದು ಮೈಕಿನಲ್ಲಿ ಹೇಳಿಸಿ. ಖಾಲಿಯಾಗದಿದ್ದರೆ ಅಥವಾ ಯಾರಾದರೂ ಕೈ ಮಾಡಿದರೆ ಮನೆಗೆ ಹೊರಡಿ, ಅಗತ್ಯ ಬಿದ್ದರೆ ಪೊಲೀಸರಿಗೆ ತಿಳಿಸಿ. ಹವ್ಯಾಸಕ್ಕೆ ನಿಂತ ಅಂಪೈರ್ ಪೆಟ್ಟು ತಿನ್ನುವ ಹಂಗಿಗೆ ಬಿದ್ದಿಲ್ಲ.

ಮುಂದಿನ ವಾರದ ಪ್ರಶ್ನೆಗೆ ನನ್ನ ಉತ್ತರ: ಹೋಗಿ, ಆದರೆ ಸುಮ್ಮನೆ ಹೋಗಬೇಡಿ. ಕಮಿಟಿಯವರಿಗೆ ಈ ವಾರವೇ ಫೋನ್ ಮಾಡಿ ಮೂರು ವಿಷಯ ಕೇಳಿ. ಇನ್ನೊಂದು ತುದಿಗೆ ಆಡುವ ತಂಡಗಳ ಹುಡುಗರ ಬದಲು ಬೇರೆ ಊರಿನ ಅಂಪೈರ್ ಒಬ್ಬರು ಬೇಕು, ಬೌಂಡರಿಯ ಸುತ್ತ ಹಗ್ಗ ಕಟ್ಟಿ ಕಮಿಟಿಯ ಇಬ್ಬರು ಅಲ್ಲೇ ಇರಬೇಕು, ಅಂದು ಒಳಗೆ ನುಗ್ಗಿದ ತಂಡದ ನಾಯಕನ ಹತ್ತಿರ ಪಂದ್ಯಕ್ಕೆ ಮೊದಲು ಅವರೇ ಮಾತಾಡಬೇಕು. ಮೂರಕ್ಕೂ ಒಪ್ಪಿದರೆ ಹೋಗಿ ನಿಲ್ಲಿ, ಒಪ್ಪದಿದ್ದರೆ ಆ ಟೂರ್ನಿ ಬಿಟ್ಟುಬಿಡಿ, ಅಂಪೈರಿಂಗ್ ಬಿಡಬೇಡಿ. ಆ ನಾಯಕ ಎದುರಾದರೆ ಹಳೆಯ ರನೌಟಿನ ಮಾತನ್ನು ನೀವಾಗಿ ಎತ್ತಬೇಡಿ, ಎಲ್ಲರನ್ನೂ ಮಾತಾಡಿಸಿದ ಹಾಗೆ ಅವನನ್ನೂ ಮಾತಾಡಿಸಿ. ಈ ಕೆಲಸವನ್ನು ಮುಂದುವರಿಸುವ ಮನಸ್ಸಿದ್ದರೆ, ಕ್ರಿಕೆಟ್ ನಿಯಮಗಳನ್ನು ರೂಪಿಸುವ ಲಂಡನ್ನಿನ ಕ್ಲಬ್ ಎಂಸಿಸಿ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವ ನಿಯಮಾವಳಿಯನ್ನು ಮೊಬೈಲಿಗೆ ಇಳಿಸಿಕೊಂಡು ದಿನಕ್ಕೊಂದು ನಿಯಮದಂತೆ ಓದಿ, ರಾಜ್ಯ ಕ್ರಿಕೆಟ್ ಸಂಸ್ಥೆ ಅಂಪೈರಿಂಗ್ ಪರೀಕ್ಷೆಗೆ ಅರ್ಜಿ ಕರೆದಾಗ ಹಾಕಿ. ಮೊದಲು 38ನೆಯ ನಿಯಮದಿಂದ ಶುರು ಮಾಡಿ, ರನೌಟಿನದು ಅದೇ.