ಕತ್ತರಿಸುವ ಕಿಣ್ವವೇ ಜೋಡಣೆಗೆ ನೆರವಾಗುವ ಬಗೆ

ಪ್ರಶ್ನೆ: ನಿರ್ಬಂಧಕ ಕಿಣ್ವಗಳು ಡಿಎನ್‌ಎಯನ್ನು ಕತ್ತರಿಸುತ್ತವೆ ಎಂದು ಮಗಳ ಪಿಯುಸಿ ಪುಸ್ತಕದಲ್ಲಿ ಓದಿದೆ. ಕತ್ತರಿಸುವ ಕಿಣ್ವದಿಂದ ಎರಡು ಬೇರೆ ಜೀವಿಗಳ ಡಿಎನ್‌ಎ ಒಂದಾಗುವುದು ಹೇಗೆ? ಅದನ್ನು ತಯಾರಿಸುವ ಬ್ಯಾಕ್ಟೀರಿಯಾದ ಡಿಎನ್‌ಎಯೇ ಏಕೆ ತುಂಡಾಗುವುದಿಲ್ಲ?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಒಳನುಗ್ಗುವ ವೈರಸ್‌ನ ಡಿಎನ್‌ಎಯನ್ನು ತುಂಡರಿಸಿ ತಮ್ಮನ್ನು ಕಾಪಾಡಿಕೊಳ್ಳಲು ಬ್ಯಾಕ್ಟೀರಿಯಾಗಳು ಈ ಕಿಣ್ವಗಳನ್ನು ಬಳಸುತ್ತವೆ. ವೈರಸ್‌ಗೆ ನಿರ್ಬಂಧ ಹೇರುವುದರಿಂದಲೇ ಇವಕ್ಕೆ ಈ ಹೆಸರು. ಡಿಎನ್‌ಎಯ ಪ್ರತಿ ಎಳೆಯೂ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲು. ಕಿಣ್ವ ಗುರುತಿಸುವ ಅಕ್ಷರಸಾಲು ತನ್ನ ಡಿಎನ್‌ಎಯಲ್ಲಿ ಇರುವೆಡೆಯಲ್ಲೆಲ್ಲ ಬ್ಯಾಕ್ಟೀರಿಯಾ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪನ್ನು ಮೊದಲೇ ಸೇರಿಸಿಟ್ಟಿರುತ್ತದೆ. ಆ ಗುರುತಿದ್ದಲ್ಲಿ ಕಿಣ್ವ ಕತ್ತರಿಸುವುದಿಲ್ಲ.

ಇನ್ನು ಜೋಡಣೆಯ ವಿಚಾರ. ಇಲ್ಲಿ ಮುಖ್ಯವಾದುದು ಕಡಿತದ ಆಕಾರ. ಇ. ಕೋಲೈ ಬ್ಯಾಕ್ಟೀರಿಯಾದಿಂದ ದೊರೆತ ಇಕೋ ಆರ್ ಒನ್ ಎಂಬ ಕಿಣ್ವವು ‘ಜಿಎಎಟಿಟಿಸಿ’ ಎಂಬ ಆರು ಅಕ್ಷರಗಳ ಸಾಲನ್ನು ಗುರುತಿಸುತ್ತದೆ. ಎದುರಿನ ಎಳೆಯನ್ನು ಅದರ ದಿಕ್ಕಿನಲ್ಲಿ ಓದಿದರೂ ಸಿಗುವುದು ಇದೇ ಸಾಲು. (‘ವಿಕಟಕವಿ’ ಪದ ನೆನಪಾಗಬಹುದು, ಆದರೆ ಅಲ್ಲಿ ಒಂದೇ ಸಾಲನ್ನು ಹಿಂದುಮುಂದಾಗಿ ಓದುತ್ತೇವೆ, ಇಲ್ಲಿ ಎರಡು ಎಳೆಗಳನ್ನು ಹೋಲಿಸುತ್ತೇವೆ.) ಕಿಣ್ವವು ಎರಡೂ ಎಳೆಗಳಲ್ಲಿ ಜಿ ಮತ್ತು ಎ ನಡುವೆ ಕತ್ತರಿಸುವುದರಿಂದ ಕಡಿತ ನೇರವಾಗಿರದೆ ಮೆಟ್ಟಿಲಿನಂತಾಗಿ, ಪ್ರತಿ ತುದಿಯಲ್ಲೂ ‘ಎಎಟಿಟಿ’ ಎಂಬ ನಾಲ್ಕು ಅಕ್ಷರಗಳ ಒಂಟಿ ಎಳೆ ಹೊರಚಾಚಿಕೊಂಡಿರುತ್ತದೆ. ಇದನ್ನೇ ಅಂಟು ತುದಿ ಎನ್ನುವುದು. ಎ ಅಕ್ಷರಕ್ಕೆ ಟಿ ಜೋಡಿಯಾದ್ದರಿಂದ, ಯಾವ ಜೀವಿಯ ಡಿಎನ್‌ಎಯೇ ಆಗಲಿ, ಈ ಕಿಣ್ವದಿಂದ ಕತ್ತರಿಸಿದ ತುದಿಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆದರೆ ನಾಲ್ಕೇ ಅಕ್ಷರಗಳ ಹಿಡಿತ ಬಲು ದುರ್ಬಲ. ಲೈಗೇಸ್ ಎಂಬ ಇನ್ನೊಂದು ಕಿಣ್ವ ಎಳೆಗಳನ್ನು ಬೆಸೆದಾಗಲೇ ಪುನರ್‌ಸಂಯೋಜಿತ ಡಿಎನ್‌ಎ, ಅಂದರೆ ಬೇರೆ ಬೇರೆ ಮೂಲಗಳ ತುಣುಕುಗಳು ಒಂದಾದ ಡಿಎನ್‌ಎ, ಸಿದ್ಧವಾಗುತ್ತದೆ.

ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ತಂಡಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಅತ್ಯುತ್ತಮ ನಿದರ್ಶನ. ಅವರು ಬಳಸಿದ ಪಿಎಸ್‌ಸಿ101 ಎಂಬ ಪ್ಲಾಸ್ಮಿಡ್‌ನಲ್ಲಿ (ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರ) ಇಕೋ ಆರ್ ಒನ್ ಕತ್ತರಿಸಬಲ್ಲ ತಾಣ ಒಂದೇ ಇದ್ದುದರಿಂದ, ಉಂಗುರ ಚೂರುಚೂರಾಗದೆ ಬಾಯಿ ತೆರೆದುಕೊಂಡಿತು. ಟೆಟ್ರಾಸೈಕ್ಲಿನ್ ಎಂಬ ಬ್ಯಾಕ್ಟೀರಿಯಾ ನಾಶಕ ಔಷಧಕ್ಕೆ ಬಗ್ಗದಂತೆ ಮಾಡುವ ಜೀನ್ ಅದರಲ್ಲಿ ಮೊದಲೇ ಇತ್ತು. ಕನಾಮೈಸಿನ್ ಎಂಬ ಇನ್ನೊಂದು ಔಷಧಕ್ಕೆ ಬಗ್ಗದಂತೆ ಮಾಡುವ ಜೀನ್ ಇದ್ದ ಬೇರೊಂದು ಪ್ಲಾಸ್ಮಿಡ್‌ನ ತುಣುಕನ್ನು ಅದಕ್ಕೆ ಜೋಡಿಸಿ ಇ. ಕೋಲೈ ಒಳಗೆ ಸೇರಿಸಿದರು. ತೆರೆದ ಉಂಗುರ ಹೊಸ ತುಣುಕನ್ನು ಸೇರಿಸಿಕೊಳ್ಳದೆ ತಾನೇ ಮುಚ್ಚಿಕೊಳ್ಳುವ ಸಾಧ್ಯತೆಯೂ ಇರುವುದರಿಂದ, ಎರಡೂ ಔಷಧಗಳಿದ್ದ ತಟ್ಟೆಯಲ್ಲಿ ಬದುಕಿದ ಬ್ಯಾಕ್ಟೀರಿಯಾಗಳನ್ನಷ್ಟೇ ಆರಿಸಿಕೊಂಡರು. ಮರುವರ್ಷ ಆಫ್ರಿಕಾದ ಕಪ್ಪೆಯೊಂದರ ರೈಬೋಸೋಮ್ ಆರ್‌ಎನ್‌ಎ ಜೀನನ್ನು ಅದೇ ಪ್ಲಾಸ್ಮಿಡ್‌ಗೆ ಜೋಡಿಸಿ ಇ. ಕೋಲೈ ಒಳಗೆ ಸೇರಿಸಿದಾಗ, ಬ್ಯಾಕ್ಟೀರಿಯಾ ವಿಭಜನೆಗೊಂಡಂತೆಲ್ಲ ಕಪ್ಪೆಯ ಡಿಎನ್‌ಎಯ ಪ್ರತಿಗಳೂ ತಯಾರಾಗುತ್ತ ಹೋದವು.